ಒಂದು ವರ್ಷ ಅಂದಿದ್ದರು

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವ ರೈಲ್ವೆ ನೌಕರರಿಗೆಲ್ಲ ಶಿವಕಾಂತಮ್ಮನ ಖಾನಾವಳಿ ಗೊತ್ತಿತ್ತು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ತಗಡು ಹೊದಿಸಿದ ಒಂದು ಖೋಲಿ, ಎರಡು ಒಲೆ, ಕುಳಿತುಣ್ಣಲು ಉದ್ದಕ್ಕೆ ಹಾಸಿದ ಫರಸಿ ಕಲ್ಲು, ಅಷ್ಟೇ. ಮುಂಬೈ ಕಡೆಯಿಂದ ಬಂದ ಡ್ರೈವರರು, ಹೈದರಾಬಾದ ಕಡೆ ಹೊರಟ ಗಾರ್ಡುಗಳು ಅಲ್ಲಿ ಕೈತೊಳೆದು ಕುಳಿತರೆಂದರೆ ತಟ್ಟೆಗೆ ಬೀಳುವ ರೊಟ್ಟಿ ಸುಡುಸುಡು ಇರುತ್ತಿತ್ತು. ಜೊತೆಗೆ ಪುಂಡಿಪಲ್ಯ, ಶೇಂಗಾ ಹಿಂಡಿ, ಮತ್ತು ಶಿವಕಾಂತಮ್ಮನ ಮಾತು. ಯಾರ ಮಗಳಿಗೆ ಯಾವ ಊರಿನ ವರ ಸರಿಹೋಗುತ್ತಾನೆ, ಯಾವ ಗಾರ್ಡು ಹೆಂಡತಿಗೆ ಕಾಗದ ಬರೆಯದೆ ಮೂರು ತಿಂಗಳಾಯಿತು, ಎಲ್ಲ ಅವಳಿಗೆ ಗೊತ್ತು. ಯಾರ ಸಂಸಾರದಲ್ಲಿ ಏನು ಕೆಟ್ಟಿದ್ದರೂ ಅದನ್ನು ಸರಿಮಾಡುವ ದಾರಿ ಅವಳ ಹತ್ತಿರ ಇರುತ್ತಿತ್ತು. ಗಂಡ ಕಾಶಪ್ಪ ಅದೇ ಸ್ಟೇಷನ್ನಿನಲ್ಲಿ ಗಾಡಿಗಳಿಗೆ ಹಳಿ ಬದಲಿಸಿ ಕೊಡುವವನು. ಇಡೀ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆ ಮನೆಯ ಮಾತಿನ ಪಾಲನ್ನೆಲ್ಲ ಹೆಂಡತಿಯೇ ವಹಿಸಿಕೊಂಡಿದ್ದಳು.

ಭಾರತದ ಲಷ್ಕರ ಬಂದು ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ಮಳೆಗಾಲದ ಮೊದಲಿಗೆ, ಅವಳ ಎಡಗಡೆಯ ಕೆಳದವಡೆಯಲ್ಲಿ ಹಲ್ಲುನೋವು ಶುರುವಾಯಿತು. ಆಗ ಅವಳಿಗೆ ಇಪ್ಪತ್ತೆಂಟು. ಮಗಳು ಮಾಣಿಕಮ್ಮನಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿತ್ತು.

ಲವಂಗ ಕಚ್ಚಿದಳು, ಉಪ್ಪುನೀರು ಮುಕ್ಕಳಿಸಿದಳು. ಕಡಿಮೆಯಾಗದಿದ್ದಾಗ ಶಹಾಬಾದಿಗೆ ಹೋಗಿ ಬಂದೇಅಲಿಯ ಮುಂದೆ ಬಾಯಿ ತೆರೆದು ಕುಳಿತಳು. ಬಂದೇಅಲಿ ಬಜಾರಿನ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಹಲ್ಲು ಕೀಳುತ್ತಿದ್ದ. ಕೈ ಹಗುರ ಎಂಬ ಹೆಸರಿತ್ತು. ಒಂದು ದವಡೆಹಲ್ಲು ಕಿತ್ತ. ಹದಿನೈದು ದಿನ ಬಿಟ್ಟು ಮತ್ತೆ ನೋವು. ಪಕ್ಕದ್ದನ್ನೂ ಕಿತ್ತ. ಮೂರನೆಯ ಸಲ ಹೋದಾಗ ಆ ಹಲ್ಲು ಅವನ ಕೈಗೆ ಸುಮ್ಮನೆ ಬಂದುಬಿಟ್ಟಿತು, ಹಸಿ ಮಣ್ಣಿನಲ್ಲಿ ನೆಟ್ಟ ಕಡ್ಡಿಯ ಹಾಗೆ. ಬಂದೇಅಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹಲ್ಲಿನಾಗ ಹುಳ ಇಲ್ಲ ಯವ್ವಾ. ಹಲ್ಲು ಭಾಳ ಚಲೋ ಅದ," ಅಂದ.

"ಚಲೋ ಇತ್ತಂದ್ರ ಕಿತ್ತಿದ್ಯಾಕೋ ಮಾರಾಯಾ?"

ಆ ಮೂರು ಒಳ್ಳೆಯ ಹಲ್ಲುಗಳ ಸಿಟ್ಟು ಶಿವಕಾಂತಮ್ಮನಿಗೆ ಎಷ್ಟೋ ವರ್ಷ ಹೋಗಲಿಲ್ಲ.

ಆಮೇಲೆ ಚಿತ್ತಾಪುರದ ಒಬ್ಬ ವೈದ್ಯರು ದವಡೆಗೆ ಸೊಪ್ಪು ಅರೆದು ಕಟ್ಟಿಸಿದರು. ಒಂದು ತಿಂಗಳು ಹಾಗೆ ಹೋಯಿತು. ಇನ್ನೊಬ್ಬರು ಕೆಟ್ಟ ರಕ್ತ ಸೇರಿದೆ ಎಂದು ದವಡೆಯ ಮೇಲೆ ಎದ್ದಿದ್ದ ಬಾವನ್ನು ಗೀರಿದರು. ರಕ್ತ ಬಂತು, ಕೀವು ಬರಲಿಲ್ಲ, ಬಾವು ಇಳಿಯಲಿಲ್ಲ. ವಾಡಿಯ ರೈಲ್ವೆ ದವಾಖಾನೆಯ ಕಂಪೌಂಡರ್ ಅಬ್ದುಲ್ ಗನಿ ಸೂಜಿ ಚುಚ್ಚಿದ, ಪುಡಿ ಕಟ್ಟಿಕೊಟ್ಟ. ಪ್ರತಿಯೊಬ್ಬರೂ "ಎಂಟು ದಿನ ನೋಡೂಣು" ಎನ್ನುತ್ತಿದ್ದರು. ಎಂಟೆಂಟು ದಿನಗಳು ಸೇರಿ ಒಂಬತ್ತು ತಿಂಗಳಾದವು. ಬಾವು ಈಗ ನಿಂಬೆಹಣ್ಣಿನಷ್ಟಾಗಿ, ಮುಟ್ಟಿದರೆ ಕಲ್ಲಿನಂತೆ ಗಟ್ಟಿಯಾಗಿತ್ತು.

ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಕೆಳತುಟಿಯ ಎಡ ಅರ್ಧಕ್ಕೆ ಬಿಸಿಯೇ ತಾಗಲಿಲ್ಲ. ಉಗುರಿನಿಂದ ಚಿವುಟಿ ನೋಡಿಕೊಂಡಳು. ಯಾರದೋ ತುಟಿಯನ್ನು ಚಿವುಟಿದಂತಿತ್ತು. ಅದನ್ನು ಅಬ್ದುಲ್ ಗನಿಗೆ ಹೇಳಿದಾಗ ಅವನು ಬರೆಯುತ್ತಿದ್ದ ಚೀಟಿಯನ್ನು ಕೆಳಗಿಟ್ಟ.

"ಎಷ್ಟ ದಿನ ಆತು ಹಿಂಗಾಗಿ?"

"ಇವತ್ತೇ ಗೊತ್ತಾತು."

ಗನಿ ಕಾಶಪ್ಪನನ್ನು ಕರೆಸಿದ. "ನನ್ನ ಕೈಯಾಗಿನ ಕೆಲಸ ಅಲ್ಲ ಇದು. ಹಲ್ಲಿಂದೂ ಅಲ್ಲ. ಪಾಸ್ ಬರಸ್ಕೊಂಡು ಹೈದರಾಬಾದಿಗೆ ಕರಕೊಂಡು ಹೋಗು, ನಾಳಿ ಅಂಬೂದು ಬ್ಯಾಡ," ಅಂದ. ಆಮೇಲೆ ಶಿವಕಾಂತಮ್ಮನ ಕಡೆ ನೋಡದೆ, "ನಾನೇ ಮೊದಲ ಹೇಳಬೇಕಿತ್ತು. ಮಾಫ್ ಮಾಡು ತಂಗಿ," ಎಂದ. ಇಷ್ಟು ದಿನಗಳಲ್ಲಿ ತಪ್ಪು ಒಪ್ಪಿಕೊಂಡವನು ಅವನೊಬ್ಬನೇ. ಹಾಗಾಗಿ ಅವನ ಮೇಲೆ ಮಾತ್ರ ಅವಳಿಗೆ ಸಿಟ್ಟು ಉಳಿಯಲಿಲ್ಲ.

ಹೈದರಾಬಾದಿನ ದವಾಖಾನೆಯಲ್ಲಿ ದವಡೆಯ ಎಕ್ಸ್‌ರೇ ಫೋಟೋ ತೆಗೆದರು. ಬಾವಿನಿಂದ ಕಡಲೆಕಾಳಿನಷ್ಟು ತುಣುಕು ಕತ್ತರಿಸಿ ಶೀಶೆಯಲ್ಲಿ ಹಾಕಿ ತಪಾಸಣೆಗೆ ಕಳಿಸಿದರು. ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಹದಿನೈದು ದಿನ ಬಿಟ್ಟು ಹೋದಾಗ ಆ ಶೀಶೆ ಸಿಗಲಿಲ್ಲ. ಇವರು ಅವರನ್ನು ಕೇಳಿ ಎಂದರು, ಅವರು ಮತ್ತೊಂದು ಕಿಟಕಿ ತೋರಿಸಿದರು. ಮಧ್ಯಾಹ್ನದವರೆಗೆ ಕಾಶಪ್ಪ ಕೈಯಲ್ಲಿ ಟೋಪಿ ಹಿಡಿದು ಕಿಟಕಿಯಿಂದ ಕಿಟಕಿಗೆ ನಡೆದ. ಕೊನೆಗೆ ಮತ್ತೊಂದು ತುಣುಕು ತೆಗೆಯಬೇಕಾಯಿತು. ಶಿವಕಾಂತಮ್ಮ ಬಾಯಿ ತೆರೆಯುವ ಮೊದಲು ಕೇಳಿದಳು, "ಇದಾದ್ರೂ ಜ್ವಾಪಾನ ಇಡ್ತೀರೋ, ನಾನೇ ಸೆರಗಿನಾಗ ಕಟ್ಕೊಂಡು ಹೋಗಲೋ?"

ಎರಡನೆಯ ತುಣುಕಿನ ಫಲ ಬಂದ ದಿನ ಸರ್ಜನ್ ಸಾಹೇಬರು ಕಾಶಪ್ಪನನ್ನು ಮಾತ್ರ ಒಳಗೆ ಕರೆದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಉರ್ದುವಿನಲ್ಲಿ ಹೇಳಿದರೆ ಹಳ್ಳಿಯ ಹೆಂಗಸಿಗೆ ತಿಳಿಯದೆಂದು ಅವರು ತಿಳಿದಿರಬೇಕು. ಹತ್ತು ವರ್ಷ ಗಾರ್ಡುಗಳಿಗೆ ರೊಟ್ಟಿ ಬಡಿಸಿದವಳಿಗೆ ಉರ್ದು ಮನೆಮಾತಿನಷ್ಟೇ ಸಲೀಸಾಗಿತ್ತು. ಇದು ಎಲುಬಿನಲ್ಲೇ ಹುಟ್ಟುವ ಕ್ಯಾನ್ಸರ್ ಎಂದರು. ಸಾಮಾನ್ಯವಾಗಿ ಮೊಣಕಾಲಿನ ಹತ್ತಿರ ಬರುತ್ತದೆ, ದವಡೆಗೆ ಬಂದದ್ದನ್ನು ತಾವು ನೋಡುತ್ತಿರುವುದು ಇದು ಎರಡನೆಯ ಸಲ ಎಂದರು. ಅರ್ಧ ದವಡೆ ತೆಗೆಯದೆ ಬೇರೆ ದಾರಿಯಿಲ್ಲ. ತೆಗೆದರೂ ಇದು ಎದೆಗೂಡಿಗೆ ಹೋಗಿ ಕೂರುವುದೇ ಹೆಚ್ಚು. ಕಾಶಪ್ಪ ಏನು ಕೇಳಿದನೋ ಅವಳಿಗೆ ಕೇಳಿಸಲಿಲ್ಲ. ಸರ್ಜನ್ ಹೇಳಿದ್ದು ಕೇಳಿಸಿತು. "ಒಂದು ವರ್ಷ. ಅದಕ್ಕಿಂತ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡ."

ಆಪರೇಷನ್ನಿಗೆ ಮೂರು ವಾರ ಆಚೆಯ ತಾರೀಖು ಕೊಟ್ಟರು.

ಬರುವ ಗಾಡಿಯಲ್ಲಿ ಕಾಶಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತ. ತಾಂಡೂರು ದಾಟಿದ ಮೇಲೆ ಅವಳು ಅಂದಳು, "ನನಗ ಎಲ್ಲಾ ಕೇಳ್ಸೇದ. ನೀವು ಸುಳ್ಳ ಹೇಳ್ಲಿಕ್ಕ ತ್ರಾಸ ತಗೋಬ್ಯಾಡ್ರಿ."

ಕಾಶಪ್ಪ ಅತ್ತ. ಅವಳಿಗೆ ಅಳು ಬರಲಿಲ್ಲ. ಅವಳ ತಲೆ ಆಗಲೇ ಕೆಲಸಕ್ಕೆ ಹತ್ತಿತ್ತು. ಮಾಣಿಕಿಗೆ ಯಾರು? ಖಾನಾವಳಿಗೆ ಯಾರು? ಪಲ್ಯಕ್ಕೆ ಉಪ್ಪು ಕಡಿಮೆಯಾಗಿದ್ದರೂ ಕೇಳಿ ಹಾಕಿಸಿಕೊಳ್ಳಲಾರದ ಈ ಮನುಷ್ಯನಿಗೆ ಯಾರು?

ಸೇಡಂ ಬಂದಾಗ ಅವಳು ಗಂಟು ಎತ್ತಿಕೊಂಡು ಎದ್ದಳು. "ನೀವು ವಾಡಿಗೆ ಹೋಗ್ರಿ. ನಾ ಚಿಂಚೋಳಿ ಕಡೆ ಹೋಗಿ ಬರ್ತೀನಿ," ಎಂದು ಇಳಿದೇಬಿಟ್ಟಳು.

ಚಿಂಚೋಳಿಯ ಹತ್ತಿರದ ಹಳ್ಳಿಯಲ್ಲಿ ಅವಳ ಚಿಕ್ಕಪ್ಪನ ಮನೆ. ಚಿಕ್ಕಪ್ಪನ ಮಗಳು ಅಮೃತಮ್ಮ, ಇಪ್ಪತ್ತೊಂದು ವರ್ಷದವಳು, ಮದುವೆಯಾದ ಎರಡನೆಯ ವರ್ಷವೇ ಗಂಡ ತೀರಿಕೊಂಡು ತವರಿಗೆ ಬಂದು ಕುಳಿತಿದ್ದಳು. ಮೆತ್ತನೆಯ ಹುಡುಗಿ, ಕೆಲಸಕ್ಕೆ ಬೇಸರಿಸುವವಳಲ್ಲ. ಅವರಲ್ಲಿ ಗಂಡ ಸತ್ತವಳಿಗೆ ಉಡಿಕಿ ಮಾಡಿಕೊಡುವ ವಾಡಿಕೆಯಿತ್ತು. ಮಂತ್ರ ಮೆರವಣಿಗೆ ಇಲ್ಲದೆ ಸೀರೆ ಉಡಿಸಿ ಇನ್ನೊಬ್ಬನ ಮನೆ ತುಂಬಿಸುವುದು. ಶಿವಕಾಂತಮ್ಮ ಚಿಕ್ಕಪ್ಪನ ಮುಂದೆ ಕುಳಿತು, ತನ್ನ ದವಡೆ ಮುಟ್ಟಿ ತೋರಿಸಿ, ಎಲ್ಲವನ್ನೂ ಹೇಳಿದಳು. ಎರಡು ದಿನ ಅಲ್ಲೇ ಇದ್ದು ಒಪ್ಪಿಸಿದಳು.

ವಾಡಿಗೆ ಬಂದು ಹೇಳಿದಾಗ ಕಾಶಪ್ಪ ಮೊದಲ ಸಲ ದನಿ ಎತ್ತಿದ. "ನೀ ಇನ್ನಾ ಜೀವಂತ ಇದ್ದೀ. ನನಗ ಮತ್ತೊಂದು ಮದಿವಿ ಅಂದ್ರ ಮಂದಿ ಏನಂದಾರು?"

"ನಾ ಜೀವಂತ ಇದ್ದಾಗೇ ಆಗಬೇಕು. ಆಮ್ಯಾಲ ನಿಮ್ಮ ಕೈಲೆ ಏನೂ ಆಗೂದಿಲ್ಲ. ಯಾರರೆ ಬಂದು ಯಾರನರೆ ಗಂಟ ಹಾಕಿ ಹೋಗ್ತಾರ. ಅಕಿ ಬಂದು ನನ್ನ ಕೂಸಿಗಿ ಹೊಟ್ಟಿಗಿ ಹಾಕದಿದ್ರ, ನಾ ಎಲ್ಲಿಂದ ನೋಡಲಿ?"

ಆಪರೇಷನ್ನಿಗೆ ಐದು ದಿನ ಇರುವಾಗ ಅಮೃತಮ್ಮ ವಾಡಿಯ ಮನೆ ತುಂಬಿದಳು. ಆ ಐದು ದಿನ ಶಿವಕಾಂತಮ್ಮ ಅವಳಿಗೆ ಖಾನಾವಳಿ ಕಲಿಸಿದಳು. ಹಿಟ್ಟಿಗೆ ನೀರು ಎಷ್ಟು ಕುದಿಯಬೇಕು, ಯಾವ ಡ್ರೈವರನಿಗೆ ಖಾರ ಆಗದು, ಗಂಡನಿಗೆ ಕೇಳದೆಯೇ ಎರಡನೆಯ ಸಲ ಅನ್ನ ಹಾಕಬೇಕು. ಮಗಳನ್ನು ಅಮೃತಮ್ಮನ ತೊಡೆಯ ಮೇಲೆ ಕೂರಿಸಿ, "ಇಕಿ ಅವ್ವ. ಅವ್ವಾ ಅನ್ನು," ಎಂದು ದಿನಕ್ಕೆ ಇಪ್ಪತ್ತು ಸಲ ಅನ್ನಿಸಿದಳು. ಕೂಸು ತನ್ನ ಕಡೆ ತಿರುಗಿ ಅವ್ವಾ ಎಂದಾಗಲೆಲ್ಲ, "ನಾ ದೊಡ್ಡವ್ವ," ಎಂದು ತಿದ್ದಿದಳು. ಹೊರಡುವ ದಿನದ ಹೊತ್ತಿಗೆ ಮಾಣಿಕಿಗೆ ರೂಢಿಯಾಗಿತ್ತು. ತಾನು ಮಾಡಬೇಕಾದ್ದನ್ನು ಬರೋಬರಿ ಮಾಡಿ ಮುಗಿಸಿದೆ ಎಂದು ಶಿವಕಾಂತಮ್ಮ ಗಾಡಿ ಹತ್ತಿದಳು.

ಗದ್ದದ ನಡುವಿನಿಂದ ಕಿವಿಯ ಬುಡದವರೆಗೆ ಎಡ ದವಡೆಯನ್ನು ತೆಗೆದರು. ಏಳು ವಾರ ದವಾಖಾನೆ. ಮೊದಲ ನಾಲ್ಕು ವಾರ ಮೂಗಿನೊಳಗಿಂದ ಇಳಿಸಿದ ರಬ್ಬರಿನ ನಳಿಗೆಯಲ್ಲಿ ಹಾಲು, ಗಂಜಿ. ನಳಿಗೆ ತೆಗೆದ ದಿನ ಮಾತಾಡಲು ಹೋದರೆ ನಾಲಗೆ ಎತ್ತ ಹೋಗಬೇಕೋ ಅತ್ತ ಹೋಗಲಿಲ್ಲ. ಉಳಿದ ಅರ್ಧ ದವಡೆ ಎಡಕ್ಕೆ ಜಗ್ಗಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಭೇಟಿಯೇ ಇಲ್ಲವಾಗಿತ್ತು. ತುಟಿಯ ಮೂಲೆಯಿಂದ ಜೊಲ್ಲು ಇಳಿಯುವುದು ಅವಳಿಗೆ ತಿಳಿಯುತ್ತಿರಲಿಲ್ಲ. ಎದುರಿನವರ ಕಣ್ಣು ನೋಡಿ ಒರೆಸಿಕೊಳ್ಳಬೇಕು. ತೆಗೆದ ಎಲುಬಿನ ಅಂಚಿನಲ್ಲಿ ರೋಗದ ಗುರುತಿಲ್ಲ ಎಂದು ಸರ್ಜನ್ ಹೇಳಿದರು. ಆರು ತಿಂಗಳಿಗೊಮ್ಮೆ ಬಂದು ಎದೆಯ ಫೋಟೋ ತೆಗೆಸಬೇಕೆಂದರು.

ವಾಡಿಗೆ ಬಂದು ಅವಳು ಸಾಯಲು ಕುಳಿತಳು. ಬೇರೆ ಮಾತಿಲ್ಲ, ಹಾಗೆಯೇ ಕುಳಿತಳು. ಖೋಲಿಯ ಮೂಲೆಯಲ್ಲಿ ಚಾಪೆ, ಅಂಬಲಿ, ಮೆತ್ತಗೆ ಬೇಯಿಸಿದ ನುಚ್ಚು. ಅಮೃತಮ್ಮ ಹೊತ್ತುಹೊತ್ತಿಗೆ ತಂದು ಕುಡಿಸುತ್ತಿದ್ದಳು, ಗಾಯ ತೊಳೆಯುತ್ತಿದ್ದಳು. ನೆಂಟರು ಬಂದು ಕಣ್ಣೀರಿಟ್ಟು ಹೋದರು. ದೂರದವರು, ಮತ್ತೆ ಬರಲಾಗುವುದೋ ಇಲ್ಲವೋ ಎಂದು ಅವಳ ಕೈಹಿಡಿದು ಹೇಳಬೇಕಾದ್ದನ್ನೆಲ್ಲ ಹೇಳಿಯೇ ಹೋದರು. ಆರು ತಿಂಗಳಿಗೆ ಫೋಟೋ ತೆಗೆದರು, ಎದೆಯಲ್ಲಿ ಏನೂ ಇಲ್ಲ. ಒಂದು ವರ್ಷಕ್ಕೆ ತೆಗೆದರು, ಏನೂ ಇಲ್ಲ. ಒಂದೂವರೆ ವರ್ಷವಾಯಿತು. ಅವಳ ಮೈಗೆ ಮಾಂಸ ಬಂತು. ಮೂಲೆಯಲ್ಲಿ ಕುಳಿತು ಕುಳಿತು ಸಾಕಾಗಿ ಒಂದು ದಿನ ಎದ್ದು ಒಲೆಯ ಮುಂದೆ ಹೋದಳು.

ಒಲೆಯ ಮುಂದೆ ಅಮೃತಮ್ಮ ಇದ್ದಳು. ಅವಳಿಗೆ ಆಗ ಆರು ತಿಂಗಳು.

ಅಮೃತಮ್ಮ ಕೂಡಲೇ ಎದ್ದು ಜಾಗ ಕೊಟ್ಟಳು. "ಬಾ ಅಕ್ಕ, ನೀ ಬಡಿ, ನಾ ಬೇಯಿಸ್ತೀನಿ." ಅವಳು ಬಡಿದಿಟ್ಟಿದ್ದ ರೊಟ್ಟಿ ದಪ್ಪಗಿದ್ದವು, ಅಂಚು ಒಡೆದಿದ್ದವು. ಹೇಳಬೇಕೆಂದು ಶಿವಕಾಂತಮ್ಮ ಬಾಯಿ ತೆರೆದಳು. ಹೇಳಿದ್ದು ಅಮೃತಮ್ಮನಿಗೆ ತಿಳಿಯಲಿಲ್ಲ. ಮತ್ತೆ ಹೇಳಿದಳು. ಮೂರನೆಯ ಸಲ ಹೇಳುವಷ್ಟರಲ್ಲಿ ಹೇಳಬೇಕಾದ ಮಾತೇ ಸಣ್ಣದಾಗಿ ಕಂಡು, ಕೈಯಲ್ಲಿನ ಹಿಟ್ಟನ್ನು ಪರಾತದಲ್ಲಿ ಬಿಟ್ಟು ಹೊರಗೆ ಹೋದಳು.

ಅಂಥ ದಿನಗಳು ಒಂದರ ಹಿಂದೊಂದು ಬಂದವು. ಬಡಿಸಲು ಹೋದಾಗ ಹೊಸದಾಗಿ ಬಂದ ಒಬ್ಬ ಗಾರ್ಡು ತಟ್ಟೆಯ ಮೇಲೆ ಕೈಯಿಟ್ಟು, "ಆ ತಂಗಿಗಿ ಕಳಸ್ರಿ," ಎಂದ. ಅವನ ದನಿಯಲ್ಲಿ ಅವಮರ್ಯಾದೆ ಇರಲಿಲ್ಲ, ಹೇಸಿಕೆ ಮಾತ್ರ ಇತ್ತು. ಅಂದಿನಿಂದ ಅವಳು ಬಡಿಸಲಿಲ್ಲ. ಮಾಣಿಕಿ ಆಡಿ ಬಿದ್ದು ಮೊಣಕಾಲು ಕೆತ್ತಿಕೊಂಡು ಬಂದರೆ, ಬಾಗಿಲಲ್ಲೇ ಕುಳಿತ ಇವಳನ್ನು ದಾಟಿ, "ಅವ್ವಾ" ಎನ್ನುತ್ತ ಒಳಗೆ ಓಡುತ್ತಿತ್ತು. ಕರೆದರೆ ನಿಂತು, ಮುಖ ನೋಡಿ, "ಏನ್ ದೊಡ್ಡವ್ವ? ತಿಳೀಲಿಲ್ಲ," ಎನ್ನುತ್ತಿತ್ತು. ಕೂಸಿನ ತಪ್ಪೇನೂ ಇರಲಿಲ್ಲ. ಕಲಿಸಿದವಳು ತಾನೇ.

ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳೋಣವೆಂದರೆ ಯಾರೂ ಇರಲಿಲ್ಲ. ಕಾಶಪ್ಪ ಎರಡು ಹೆಂಗಸರ ನಡುವೆ ಇನ್ನಷ್ಟು ಮೂಕನಾಗಿ ಡ್ಯೂಟಿಗೆ ಓಡುತ್ತಿದ್ದ. ಅಮೃತಮ್ಮ ಜಗಳಕ್ಕೂ ಸಿಗುತ್ತಿರಲಿಲ್ಲ. ಒಮ್ಮೆ ಶಿವಕಾಂತಮ್ಮ ಬೇಕೆಂದೇ ಕೊಂಕು ಮಾತಾಡಿದಾಗ ಅಮೃತಮ್ಮ ಅಳುತ್ತ, "ನಾ ಚಿಂಚೋಳಿಗಿ ಹೋಗ್ಲೇನಕ್ಕ? ನೀ ಹೇಳಿದ್ರ ಹೋಗ್ತೀನಿ," ಅಂದಳು. ಬಸುರಿಯನ್ನು ಎಲ್ಲಿಗೆ ಕಳಿಸುವುದು?

"ಕುಂಡ್ರು ಸುಮ್ಮ," ಅಂದಳು ಶಿವಕಾಂತಮ್ಮ. ಅದು ಮಾತ್ರ ಅಮೃತಮ್ಮನಿಗೆ ಮೊದಲ ಸಲಕ್ಕೇ ತಿಳಿಯಿತು.

ಎರಡು ವರ್ಷ ತುಂಬಿದಾಗ ಹೈದರಾಬಾದಿಗೆ ಹೋದಳು. ಅಷ್ಟರಲ್ಲಿ ಅಮೃತಮ್ಮನಿಗೆ ಗಂಡು ಕೂಸಾಗಿತ್ತು. ಸರ್ಜನ್ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ಮುಖ ಅರಳಿಸಿದರು. ಕಲಿಯುವ ಹುಡುಗರನ್ನು ಹತ್ತು ಹನ್ನೆರಡು ಮಂದಿ ಕರೆಸಿ, ಅವಳನ್ನು ನಡುವೆ ಕೂರಿಸಿ, ಗದ್ದ ಹಿಡಿದು ಅತ್ತ ಇತ್ತ ತಿರುಗಿಸಿ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಹುಡುಗರು ಬಗ್ಗಿ ಬಗ್ಗಿ ನೋಡಿದರು. ಅವರೆಲ್ಲ ಹೋದ ಮೇಲೆ ಅವಳು ಏಳಲಿಲ್ಲ. ಉರ್ದುವಿನಲ್ಲಿ, ಒಂದೊಂದೇ ಶಬ್ದವನ್ನು ಕೈಯಿಂದ ತುಟಿ ಹಿಡಿದು ಆಡಿದಳು.

"ನೀವು ಒಂದು ವರ್ಷ ಅಂದಿದ್ರಿ."

ಸರ್ಜನ್ ನಕ್ಕರು. "ಸುಳ್ಳಾಯಿತಲ್ಲ, ಖುಷಿಪಡು."

"ನಾ ಆ ಮಾತು ಹಿಡಕೊಂಡು ನನ್ನ ಗಂಡಗ ಲಗ್ನಾ ಮಾಡೀನಿ. ನನ್ನ ಕೂಸಿನ ಬಾಯಿಲೆ ಮತ್ತೊಬ್ಬಾಕಿಗಿ ಅವ್ವಾ ಅನಿಸೀನಿ. ಒಲಿ ಕೊಟ್ಟೀನಿ. ನಿಮಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅನಬೇಕಿತ್ತು. ಒಂದು ವರ್ಷ ಅಂತ ಯಾಕಂದ್ರಿ?"

ಅವರಿಗೆ ಪೂರ್ತಿ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಗು ಹೋಯಿತು. ಕುರ್ಚಿ ಎಳೆದುಕೊಂಡು ಕುಳಿತರು. ಕಾಲಿನ ಎಲುಬಿಗೆ ಈ ರೋಗ ಬಂದವರನ್ನು ನೋಡಿ ಆ ಲೆಕ್ಕವನ್ನೇ ಹೇಳಿದ್ದೆ ಎಂದರು. ದವಡೆಯದು ಬೇರೆ ರೀತಿ ನಡೆಯುತ್ತದೆಂದು ಈಗ ಕೆಲವರು ಬರೆಯುತ್ತಿದ್ದಾರೆ. ಆದರೆ ಲೋಕದಲ್ಲೆಲ್ಲ ಇಂಥ ರೋಗಿಗಳು ಎಷ್ಟು ಕಡಿಮೆ ಎಂದರೆ ಯಾರಿಗೂ ಖಚಿತವಾಗಿ ತಿಳಿಯದು. "ನಿನ್ನ ಗಂಡ ಎಷ್ಟು ದಿನ ಎಂದು ಕೇಳಿದ. ನನ್ನ ಬಾಯಿಗೆ ಅದೇ ಬಂತು," ಎಂದರು.

"ಈಗ ಎಷ್ಟು ದಿನ?"

ಈ ಸಲ ಅವರು ತಲೆಯಾಡಿಸಿದರು. "ಗೊತ್ತಿಲ್ಲ."

ಗೊತ್ತಿಲ್ಲ ಎಂಬುದೂ ಸಮಾಧಾನ ಕೊಡಲಿಲ್ಲ. ಒಂದು ವರ್ಷ ಎಂದಾಗ ಕನಿಷ್ಠ ಏನು ಮಾಡಬೇಕೆಂದು ತಿಳಿದಿತ್ತು.

ಮುಂದಿನ ಬೇಸಿಗೆಯಲ್ಲಿ ಅವಳು ಮನೆ ಬಿಟ್ಟಳು. ಜಗಳವಾಗಿ ಅಲ್ಲ. ಶಹಾಬಾದಿನಲ್ಲಿ ಫರಸಿ ಕಲ್ಲಿನ ಅಂಗಳಗಳ ಹತ್ತಿರ ಒಂದು ಖೋಲಿ ಇದೆಯೆಂದು ಅಬ್ದುಲ್ ಗನಿಯೇ ನೋಡಿಕೊಟ್ಟ. ಮಾಣಿಕಿಯನ್ನು ಕರೆದೊಯ್ಯಬೇಕೆಂದಿದ್ದಳು. ಹೊರಡುವ ಬೆಳಿಗ್ಗೆ ಕೂಸು ಅಮೃತಮ್ಮನ ಸೆರಗು ಬಿಡಲಿಲ್ಲ. ಅಮೃತಮ್ಮನೇ ಬೆರಳು ಬಿಡಿಸಿ ಬಿಡಿಸಿ ಕಳಿಸಲು ನೋಡಿದಳು. "ಬಿಡು, ಜಗ್ಗಬ್ಯಾಡ," ಎಂದು ಶಿವಕಾಂತಮ್ಮ ಪರಾತ, ತವೆ, ಎರಡು ಸೀರೆ ಕಟ್ಟಿಕೊಂಡು ಒಬ್ಬಳೇ ಗಾಡಿ ಹತ್ತಿದಳು. ಕಾಶಪ್ಪ ಹಳಿಯ ಪಕ್ಕ ಹಸಿರು ನಿಶಾನೆ ಹಿಡಿದು ನಿಂತಿದ್ದ. ಗಾಡಿ ದಾಟುವಾಗ ಅವನು ಮುಖ ಎತ್ತಿ ನೋಡಿದ. ಆ ನೋಟದಲ್ಲಿ ಬಿಡುಗಡೆಯೂ ಇತ್ತೆಂದು ಅವಳಿಗೆ ಕಂಡಿತು.

ಶಹಾಬಾದಿನಲ್ಲಿ ಅವಳ ರೊಟ್ಟಿ ತಿನ್ನಲು ಬಂದವರು ಖಣಿಯವರು. ಕಲ್ಲಿನ ಪದರು ಎಬ್ಬಿಸುವವರು, ಅಂಚು ಕಡಿಯುವವರು, ಫರಸಿ ತಿಕ್ಕಿ ನುಣುಪು ಮಾಡುವವರು. ಒಬ್ಬನಿಗೆ ಎರಡು ಬೆರಳಿಲ್ಲ, ಒಬ್ಬನ ಕಣ್ಣಿಗೆ ಕಲ್ಲಿನ ಚೂರು ಬಡಿದು ಬಿಳಿ ಹೂ ಬಂದಿತ್ತು. ಅವಳ ಮುಖವನ್ನು ಮೊದಲ ದಿನ ನೋಡಿದರು, ಎರಡನೆಯ ದಿನ ರೊಟ್ಟಿಯನ್ನು ನೋಡಿದರು. ಅವಳ ಮಾತು ತಿಳಿಯದಿದ್ದರೆ, "ಜರಾ ಜೋರ್ಲೆ ಅನ್ನು ಯಕ್ಕ," ಎನ್ನುತ್ತಿದ್ದರು. ತಾನೇ ಬಡಿದ ರೊಟ್ಟಿಯನ್ನು ಅವಳು ಮಾತ್ರ ಹಾಲಿನಲ್ಲಿ ನೆನೆಸಿ ಹಿಸುಕಿ ನುಂಗಬೇಕಿತ್ತು.

ಅಲ್ಲಿ ಉಣ್ಣಲು ಬರುತ್ತಿದ್ದವರಲ್ಲಿ ರಾವೂರಿನ ಸಾಯಬಣ್ಣ ಒಬ್ಬ. ಇಪ್ಪತ್ತೈದರ ಆಳು, ಒಬ್ಬ ತಾಯಿಯ ಒಬ್ಬನೇ ಮಗ. ಎರಡನೆಯ ವರ್ಷದ ಚಳಿಗಾಲದಲ್ಲಿ ಅವನ ಬಲಗೆನ್ನೆ ಮೂಗಿನ ಪಕ್ಕ ಉಬ್ಬಿದ್ದನ್ನು ಅವಳು ಕಂಡಳು. ಹಲ್ಲು ಬ್ಯಾನಿ, ಬಂದೇಅಲಿ ಹತ್ತಿರ ಹೋಗುತ್ತೇನೆ ಎಂದ. ಶಿವಕಾಂತಮ್ಮ ಹಿಟ್ಟಿನ ಕೈಯಲ್ಲೇ ಬಂದು ಅವನ ಕೆನ್ನೆ ಒತ್ತಿ ನೋಡಿದಳು. ಗಟ್ಟಿಯಾಗಿತ್ತು.

"ಇಲ್ಲಿ ಮುಟ್ಟಿದ್ರ ತಿಳೀತದೇನು?"

"ಇಲ್ಲಕ್ಕ. ಜುಮ್ಮ ಹಿಡದಂಗ ಅದ."

ನಾಲ್ಕನೆಯ ದಿನ ಅವನು ಹೈದರಾಬಾದಿನಲ್ಲಿದ್ದ. ತನ್ನ ಒಂಬತ್ತು ತಿಂಗಳನ್ನು ಈ ಹುಡುಗನಿಗೆ ಆಗಗೊಡುವುದಿಲ್ಲ ಎಂದು ಅವಳೇ ಒಲೆ ಆರಿಸಿ ಜೊತೆಗೆ ಹೋಗಿದ್ದಳು. ತುಣುಕಿನ ಶೀಶೆಯ ಹಿಂದೆಯೇ ನಡೆದು, ಅದು ಯಾರ ಕೈಗೆ ಹೋಯಿತೆಂದು ಹೆಸರು ಕೇಳಿಕೊಂಡು ಬಂದಳು. ಅದೇ ರೋಗ ಎಂದು ತಿಳಿದಾಗ ಸಾಯಬಣ್ಣನ ತಾಯಿ ನೆಲದ ಮೇಲೆ ಕುಸಿದಳು. ಶಿವಕಾಂತಮ್ಮ ಅವಳ ಭುಜ ಹಿಡಿದು ಎತ್ತಿ, "ನನ್ನ ಮಾರಿ ನೋಡ್ರಿ. ನನಗ ಒಂದೇ ವರ್ಷ ಅಂದಿದ್ರು. ನಾಕು ವರ್ಷ ದಾಟ್ಯಾವ. ನಿಮ್ಮ ಮಗ ನನಗಿಂತ ಜಲ್ದಿ ಬಂದಾನ, ಉಳೀತಾನ," ಅಂದಳು. ಅಷ್ಟು ಉದ್ದದ ಮಾತನ್ನು ಆ ಬಾಯಿಯಿಂದ ತಡವರಿಸದೆ ಆಡಿದ್ದು ಅದೇ ಮೊದಲು.

ಸಾಯಬಣ್ಣನಿಗೆ ಅರ್ಧ ಮೇಲ್ದವಡೆ ತೆಗೆದರು. ಕಣ್ಣಿನ ಹಿಂದೆ ಹೋದ ಭಾಗ ಕೈಗೆ ಸಿಗಲಿಲ್ಲ. ಅದಕ್ಕೆ ರೋಗವನ್ನು ಸುಡುವ ಕಿರಣಗಳ ಚಿಕಿತ್ಸೆ ಕೊಟ್ಟರು. ಮೂರು ತಿಂಗಳು ಸುಮಾರಾಗಿದ್ದ, ಅವಳ ಖೋಲಿಗೆ ಬಂದು ನುಚ್ಚು ಉಂಡು ಹೋಗುತ್ತಿದ್ದ. ಆಮೇಲೆ ಕಣ್ಣು ಮುಂದಕ್ಕೆ ಬರತೊಡಗಿತು. ಏಳನೆಯ ತಿಂಗಳು ರಾವೂರಿನಲ್ಲಿ ತೀರಿಕೊಂಡ.

ಮಣ್ಣಿಗೆ ಹೋದಾಗ ಅವನ ತಾಯಿ ಅತ್ತು ಅತ್ತು ಒಣಗಿದ ಕಣ್ಣಿನಿಂದ ಇವಳನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಮೆಲ್ಲಗೆ ಕೇಳಿದಳು, "ನೀ ಹ್ಯಾಂಗ ಉಳದಿ ತಂಗಿ?"

ಏನು ಹೇಳುವುದು? ತಡಮಾಡಿದವಳು ಉಳಿದಿದ್ದಳು. ಓಡಿಹೋದವನು ಉಳಿಯಲಿಲ್ಲ. ಶಹಾಬಾದಿಗೆ ನಡೆದು ಬರುತ್ತ ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೆಯೇ ಸಿಟ್ಟು. ಉಳೀತಾನ ಅಂದಿದ್ದಳಲ್ಲ. ಸರ್ಜನ್ ಒಂದು ಲೆಕ್ಕ ಹೇಳಿ ಅವಳ ಸಂಸಾರ ಕೆಡಿಸಿದ್ದರೆ, ಅವಳು ಇನ್ನೊಂದು ಲೆಕ್ಕ ಹೇಳಿ ಆ ತಾಯಿಗೆ ಏಳು ತಿಂಗಳು ಸುಳ್ಳು ಆಸೆ ಉಣಿಸಿದ್ದಳು. ವ್ಯತ್ಯಾಸವೇನು?

ಮುಂದಿನ ತಪಾಸಣೆಯಲ್ಲಿ ಸರ್ಜನ್‌ರನ್ನು ಕೇಳಿದಾಗ ಅವರು ಕಾಗದದ ಮೇಲೆ ತಲೆಬುರುಡೆಯ ಚಿತ್ರ ಬರೆದು ತೋರಿಸಿದರು. ಕೆಳದವಡೆಯನ್ನು ಸುತ್ತಲೂ ಒಳ್ಳೆಯ ಎಲುಬು ಸೇರಿಸಿ ಕಡಿಯಬಹುದು. ಮೇಲಿನದು ಕಣ್ಣು, ಮೂಗು, ಮಿದುಳಿನ ಬುಡಕ್ಕೆ ಅಂಟಿಕೊಂಡಿರುತ್ತದೆ. ಒಂದು ಬೆರಳಿನಷ್ಟು ಆಚೆ ಕಡಿಯಲೂ ಜಾಗವಿರುವುದಿಲ್ಲ. ಅವನದು ಎಷ್ಟು ದಿನದಿಂದ ಒಳಗೆ ಬೆಳೆದಿತ್ತೋ ಯಾರಿಗೂ ಗೊತ್ತಿಲ್ಲ. "ನೀನು ಕರೆತಂದದ್ದಕ್ಕೆ ಅವನಿಗೆ ಆ ಮೂರು ತಿಂಗಳಾದರೂ ಸಿಕ್ಕವು," ಎಂದರು. ಅವಳು ಆ ಚಿತ್ರದ ಕಾಗದವನ್ನು ಕೇಳಿ ಇಸಿದುಕೊಂಡಳು. ರಾವೂರಿಗೆ ಹೋಗಿ ಆ ತಾಯಿಯ ಮುಂದೆ ಹಿಡಿದು, ತಿಳಿದಷ್ಟನ್ನು ಹೇಳಿದಳು. ತಾಯಿ ಕೇಳಿಕೊಂಡಳು. ಒಂದು ಲೋಟ ಮಜ್ಜಿಗೆ ಕೊಟ್ಟಳು. ಅಷ್ಟೇ ಆಯಿತು.

ಐವತ್ತಾರರ ಬೇಸಿಗೆಯ ತಪಾಸಣೆಯೇ ಕೊನೆಯದು. ಆರು ವರ್ಷಕ್ಕೆ ಮೂರು ತಿಂಗಳು ಕಡಿಮೆ. ಸರ್ಜನ್‌ರ ಕೂದಲು ನರೆತಿತ್ತು. ಎದೆಯ ಫೋಟೋ ನೋಡಿ, ಗದ್ದ ಕುತ್ತಿಗೆ ಒತ್ತಿ ನೋಡಿ, "ಇನ್ನು ನೀನು ಬರಬೇಕಾಗಿಲ್ಲ," ಎಂದರು.

"ಹಂಗಾದ್ರ ಇನ್ನ ಆ ರೋಗ ತಿರುಗಿ ಬರೂದಿಲ್ಲ ಅಂತ ಬರದು ಕೊಡ್ರಿ."

"ಹಾಗೆ ಬರೆಯಲಾರೆ."

"ಯಾಕ?"

"ಗೊತ್ತಿಲ್ಲದ್ದನ್ನು ಹೇಳಬಾರದೆಂದು ನೀನೇ ಬೈದಿದ್ದೆಯಲ್ಲ."

ಅವಳಿಗೆ ನಗು ಬಂತೋ ಸಿಟ್ಟು ಬಂತೋ ಹೇಳುವುದು ಕಷ್ಟ. ಕೈ ಮುಗಿದು ಎದ್ದು ಬಂದಳು.

ವಾಡಿಯಲ್ಲಿ ಗಾಡಿ ಬದಲಿಸಬೇಕು. ಮಧ್ಯಾಹ್ನದ ಬಿಸಿಲಿಗೆ ಪ್ಲಾಟ್‌ಫಾರ್ಮಿನ ಕಲ್ಲು ಕಾದಿತ್ತು. ನೀರಿನ ತೊಟ್ಟಿಯ ಹತ್ತಿರ ಅಮೃತಮ್ಮ ಕಂಕುಳಲ್ಲಿ ಎರಡನೆಯ ಕೂಸು ಹೊತ್ತು ನಿಂತಿದ್ದಳು. ಪಕ್ಕದಲ್ಲಿ ಎತ್ತರಕ್ಕೆ ಬೆಳೆದ ಮಾಣಿಕಮ್ಮ. ಪ್ರತಿ ತಪಾಸಣೆಯ ದಿನವೂ ಅಮೃತಮ್ಮ ಹಾಗೆ ಬಂದು ನಿಲ್ಲುತ್ತಿದ್ದಳು; ಯಾರೂ ಹೇಳಿದ್ದಲ್ಲ.

"ಏನಂದ್ರಕ್ಕ?"

"ಇನ್ನ ಬರಬ್ಯಾಡ ಅಂದ್ರು."

ಅಮೃತಮ್ಮನ ಮುಖ ಬಿಳಿಚಿತು. ಕೂಸನ್ನು ಎದೆಗೊತ್ತಿಕೊಂಡು ಅಲ್ಲೇ ಕಲ್ಲಿನ ಮೇಲೆ ಕುಳಿತು ಅಳತೊಡಗಿದಳು. ಡಾಕ್ಟರು ಕೈಬಿಟ್ಟರೆಂದು ತಿಳಿದಿದ್ದಳು. ಶಿವಕಾಂತಮ್ಮ ಅಲ್ಲ ಎಂದಳು. ಆತುರಕ್ಕೆ ಮಾತು ಮತ್ತಷ್ಟು ತೊದಲಿತು. ಅಮೃತಮ್ಮ ಇನ್ನೂ ಜೋರಾಗಿ ಅತ್ತಳು. ಸುತ್ತಲಿನ ಮಂದಿ ನೋಡತೊಡಗಿದರು. ಎರಡನೆಯ ಸಲ ಹೇಳಿದಳು. ಮೂರನೆಯ ಸಲ ಹೇಳುವಾಗ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

"ಅವ್ವಾ, ಅಳಬ್ಯಾಡ," ಅಂದಳು ಮಾಣಿಕಮ್ಮ, ಅಮೃತಮ್ಮನ ಬೆನ್ನ ಮೇಲೆ ಕೈಯಿಟ್ಟು. "ಚಲೋ ಆಗೇದಂತ. ಅದಕ್ಕ ಬರೂ ಜರೂರಿಲ್ಲ ಅಂದಾರಂತ. ಅಷ್ಟ ಹೇಳ್ಲಿಕತ್ತಾಳ ದೊಡ್ಡವ್ವ."

ಅಮೃತಮ್ಮ ಮುಖ ಎತ್ತಿ ಇಬ್ಬರನ್ನೂ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ನಾಚಿಕೆಯಾಗಿ, ತಾನು ಕಟ್ಟಿ ತಂದಿದ್ದ ಹೆಸರುಬೇಳೆಯ ಪಾಯಸದ ಡಬ್ಬಿಯನ್ನು ಮುಂದೆ ಹಿಡಿದಳು. ಶಿವಕಾಂತಮ್ಮ ನಿಂತೇ ಎರಡು ಚಮಚ ನುಂಗಿದಳು. ಬೆಲ್ಲ ಹೆಚ್ಚಾಗಿತ್ತು. ಹೇಳೋಣವೆಂದುಕೊಂಡು, ಮತ್ತೆ ಮೂರು ಸಲ ಹೇಳಬೇಕಲ್ಲ ಎಂದು ಸುಮ್ಮನಾದಳು.

ಶಹಾಬಾದಿನ ಗಾಡಿ ಬಂತು. ಮಾಣಿಕಮ್ಮ ಅವಳ ಗಂಟನ್ನು ಒಳಗೆ ಇಟ್ಟುಕೊಟ್ಟು ಕೆಳಗಿಳಿದಳು. ಸಂಜೆ ಖಣಿಯವರು ಉಣ್ಣಲು ಬರುವ ಹೊತ್ತಿಗೆ ಒಲೆ ಹೊತ್ತಿಸಬೇಕಿತ್ತು. ಶಿವಕಾಂತಮ್ಮ ಕಿಟಕಿಯ ಪಕ್ಕ ಜಾಗ ಮಾಡಿಕೊಂಡು ಕುಳಿತಳು.